ಮೀನು ಸಾಕುವ ಹವ್ಯಾಸ ಬಾಳುವುದು ಹೇಗೆ?

ಮುಂಬಯಿಯ ಚಾಳುಗಳಲ್ಲಿ ಮಾಳಿಗೆಯ ಮೇಲೋ ಮಂಚದ ಕೆಳಗೋ ಬರಿದಾದ ಗಾಜಿನ ತೊಟ್ಟಿಯೊಂದು ಬಿದ್ದಿರುವುದನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಒಂದು ಮನೆಯಲ್ಲಿ ಅದರ ತುಂಬ ಈರುಳ್ಳಿ. ಇನ್ನೊಂದು ಮನೆಯಲ್ಲಿ ಅಣ್ಣನ ಹಳೆಯ ಪಠ್ಯಪುಸ್ತಕಗಳು. ಒಂದಾನೊಂದು ಕಾಲದಲ್ಲಿ ಆ ತೊಟ್ಟಿಯಲ್ಲಿ ಹೊಂಬಣ್ಣದ ಮೀನುಗಳು ಈಜಾಡುತ್ತಿದ್ದವು. ಮನೆಯ ಮಕ್ಕಳು ಶಾಲೆಯಿಂದ ಬಂದೊಡನೆ ಪುಸ್ತಕದ ಚೀಲವನ್ನು ಸಹ ಇಳಿಸದೆ ಅದರ ಮುಂದೆ ನಿಲ್ಲುತ್ತಿದ್ದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಮೀನುಗಳು ಒಂದೊಂದಾಗಿ ಸತ್ತವು, ಬೇಸರ ಬಂತು, ತೊಟ್ಟಿ ಮಾಳಿಗೆಯನ್ನೇರಿತು.

ಇದೇ ನಗರದಲ್ಲಿ ಮೂವತ್ತು ನಲವತ್ತು ವರ್ಷಗಳಿಂದ ಮೀನು ಸಾಕುತ್ತ ಬಂದವರೂ ಇದ್ದಾರೆ. ಅವರ ಖೋಲಿ ದೊಡ್ಡದಲ್ಲ, ವರಮಾನವೂ ವಿಶೇಷವಾದುದಲ್ಲ. ಆದರೂ ಅವರಿಗೆ ಬೇಸರ ಬಂದಿಲ್ಲ. ಈ ಇಬ್ಬರ ನಡುವಣ ಅಂತರವೇನು? 'ಪ್ರೀತಿ' ಎಂದು ಉತ್ತರಿಸಿದರೆ ಸಾಲದು. ತೊಟ್ಟಿಯನ್ನು ಮಾಳಿಗೆಗೇರಿಸಿದವರೂ ಮೊದಲ ದಿನ ಪ್ರೀತಿಯಿಂದಲೇ ಅದನ್ನು ಮನೆಗೆ ತಂದವರು. ಅಂತರ ಬೇರೆಲ್ಲಿಯೋ ಇರಬೇಕು. ಅದನ್ನು ನಾನು ಕಲಿತುದು ಒಂದು ಅಪರಾಧದ ಮೂಲಕ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಸ್ವಲ್ಪ ಹಿಂದಿನ ಕಥೆ. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಜಲಚರಗಳನ್ನಿಡುವ ಪದ್ಧತಿ ಇಂಗ್ಲಂಡಿನಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಾಳ್ಗಿಚ್ಚಿನಂತೆ ಹಬ್ಬಿತು. 1845ರಲ್ಲಿ ಅಲ್ಲಿನ ಸರಕಾರ ಗಾಜಿನ ಮೇಲಿನ ಸುಂಕವನ್ನು ತೆಗೆದುಹಾಕಿತ್ತಾದ್ದರಿಂದ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ ಮತ್ಸ್ಯಗೃಹವೊಂದು ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿವಿಜ್ಞಾನಿ 'ದಿ ಅಕ್ವೇರಿಯಂ' ಎಂಬ ಗ್ರಂಥವನ್ನು ಪ್ರಕಟಿಸಿದನು. ಅದನ್ನೋದಿದ ಜನ ಗುದ್ದಲಿ ಬುಟ್ಟಿಗಳನ್ನು ಹಿಡಿದು ಕಡಲತಡಿಗೆ ಧಾವಿಸಿದರು. ಬಂಡೆಯ ಸಂದುಗಳಲ್ಲಿದ್ದ ಜೀವಿಗಳನ್ನು ಕೆರೆದು ತಂದು ಮನೆಯ ತೊಟ್ಟಿಗಳಲ್ಲಿ ಹಾಕಿದರು. ಅವು ಬಹುಮಟ್ಟಿಗೆ ಸತ್ತವು. ಒಂದೂವರೆ ದಶಕದೊಳಗೆ ಆ ಹುಚ್ಚು ಇಳಿಯಿತು. ಆದರೆ ದಡ ಬರಿದಾಗಿತ್ತು. ಗಾಸನ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ, ತಾನು ಬಾಲ್ಯದಲ್ಲಿ ಕಂಡಿದ್ದ ಆ ಬಂಡೆಗೊಳಗಳ ಸೊಬಗು ತನ್ನ ತಂದೆಯ ಪುಸ್ತಕಗಳ ದೆಸೆಯಿಂದಲೇ ಹಾಳಾಯಿತೆಂದು ಮರುಗಿದ್ದಾನೆ.

ಈ ಗದ್ದಲಕ್ಕೆ ಮುನ್ನವೇ, ಲಂಡನ್ನಿನಲ್ಲಿಯೇ, ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಸದ್ದಿಲ್ಲದೆ ಒಂದು ಪ್ರಯೋಗವನ್ನು ನಡೆಸುತ್ತಿದ್ದನು. ಹನ್ನೆರಡು ಗ್ಯಾಲನ್, ಎಂದರೆ ಸುಮಾರು 55 ಲೀಟರ್ ಹಿಡಿಯುವ ಗಾಜಿನ ಪಾತ್ರೆ. ತಳದಲ್ಲಿ ಮರಳು ಮತ್ತು ಕಲ್ಲು. ಅದರಲ್ಲಿ ವ್ಯಾಲಿಸ್ನೇರಿಯ ಎಂಬ, ಉದ್ದನೆಯ ಎಲೆಯ ನೀರುಹುಲ್ಲು. ಎರಡು ಚಿಕ್ಕ ಚಿನ್ನದ ಮೀನುಗಳು. ಮೀನು ಉಸಿರಾಡಿ ಬಿಟ್ಟುದನ್ನು ಸಸ್ಯವು ಹೀರಿ, ಸಸ್ಯ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡಿದರೆ ನೀರನ್ನು ಬದಲಿಸುವ ಅಗತ್ಯವೇ ಇರಲಾರದಲ್ಲವೆ? ಇದು ಆತನ ಪ್ರಶ್ನೆ. ಮೊದಮೊದಲು ಎಲ್ಲವೂ ಸರಿಯಾಗಿ ನಡೆಯಿತು. ಬಳಿಕ ಹುಲ್ಲಿನ ಹಳೆಯ ಎಲೆಗಳು ಕೊಳೆತು ನೀರು ಬಗ್ಗಡವಾಯಿತು. ಬೇರೆಯವನಾಗಿದ್ದರೆ ಪಾತ್ರೆಯನ್ನು ಬೋರಲು ಹಾಕುತ್ತಿದ್ದನು. ವಾರಿಂಗ್ಟನ್ ಕೊಳದಿಂದ ಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತ ಎಲೆಗಳನ್ನು ತಿಂದವು, ಅವುಗಳ ಮೊಟ್ಟೆಗಳನ್ನು ಮೀನುಗಳು ತಿಂದವು, ನೀರು ತಿಳಿಯಾಯಿತು. 1850ರಲ್ಲಿ ಈ ಸಂಗತಿಯನ್ನು ಆತ ರಸಾಯನಶಾಸ್ತ್ರಜ್ಞರ ಸಂಘದ ಮುಂದೆ ಮಂಡಿಸಿದನು. ಅಲ್ಲಿಗೆ ನಿಲ್ಲಲಿಲ್ಲ, ಸಮುದ್ರದ ನೀರಿನಲ್ಲಿಯೂ ಇದು ಸಾಧ್ಯವೆ ಎಂದು ಮತ್ತೆ ತೊಡಗಿದನು. ಸುತ್ತಲಿನ ಜನಕ್ಕೆ ಬೇಸರ ಬಂದರೂ ಈತನಿಗೆ ಏಕೆ ಬರಲಿಲ್ಲ ಎಂಬುದನ್ನು ಗಮನಿಸಿರಿ. ಮೀನುಗಳಿಗಿಂತ ಮೀನುಗಳಿದ್ದ ನೀರು ಆತನನ್ನು ಹೆಚ್ಚಾಗಿ ಹಿಡಿದಿಟ್ಟಿತ್ತು.

ಇನ್ನು ನನ್ನ ಅಪರಾಧ. ನಮ್ಮ ಪ್ರಯೋಗಶಾಲೆಯ ಕಿಟಕಿಯ ಬಳಿ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯೊಂದಿದೆ. ಲೆಕ್ಕ ಹಾಕಿದರೆ ವಾರಿಂಗ್ಟನ್ನನ ಪಾತ್ರೆಗೆ ಸರಿಸಮಾನವಾದುದು. ಅದರಲ್ಲಿ ಹದಿನೇಳು ಗಪ್ಪಿ ಮೀನುಗಳಿದ್ದವು. ಆ ವರ್ಷದ ವಾರ್ಷಿಕೋತ್ಸವಕ್ಕೆ ಅತಿಥಿಗಳು ಬರುವವರಿದ್ದರು. ತೊಟ್ಟಿ ಥಳಥಳಿಸಬೇಕೆಂಬುದು ನನ್ನ ಆಸೆ. ನೀರೆಲ್ಲವನ್ನೂ ಚೆಲ್ಲಿಸಿದೆ. ಹರಳುಗಳನ್ನು ಬಿಸಿನೀರಿನಲ್ಲಿ ತೊಳೆಸಿದೆ. ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು, ಕಂದುನೀರು ಬರುವುದು ನಿಲ್ಲುವ ತನಕ ನಾನೇ ಹಿಂಡಿದೆ. ನಲ್ಲಿಯ ನೀರಿನ ಕ್ಲೋರಿನ್ ಮೀನಿಗೆ ವಿಷವೆಂಬುದು ಗೊತ್ತಿದ್ದುದರಿಂದ ಬಕೆಟ್ಟುಗಳಲ್ಲಿ ಹಿಂದಿನ ದಿನವೇ ನೀರು ತುಂಬಿಸಿಟ್ಟು ಅದನ್ನೇ ಹಾಕಿದೆ. ಉತ್ಸವದ ದಿನ ಎಲ್ಲರೂ ಹೊಗಳಿದರು. ಅತಿಥಿಗಳ ಮಕ್ಕಳು ಮುಷ್ಟಿಮುಷ್ಟಿಯಾಗಿ ಆಹಾರ ಉದುರಿಸಿದರು. ನಾನು ನಗುತ್ತ ನಿಂತಿದ್ದೆ.

ಮರುದಿನ ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯತೊಡಗಿದವು. ಐದನೆಯ ದಿನಕ್ಕೆ ಒಂದೂ ಉಳಿಯಲಿಲ್ಲ. ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತೊಟ್ಟಿಯ ಮುಂದೆ ಬಹಳ ಹೊತ್ತು ನಿಂತಿದ್ದು ಕೇಳಿದಳು: "ಸರ್, ನೀರು ಇಷ್ಟು ಸ್ವಚ್ಛವಾಗಿದೆಯಲ್ಲ, ಮತ್ತೇಕೆ ಸತ್ತವು?" ನಾನು ರಸಾಯನಶಾಸ್ತ್ರವನ್ನು ಕಲಿಸುವವನು. ನನ್ನಲ್ಲಿ ಉತ್ತರವಿರಲಿಲ್ಲ. "ನೋಡಿ ಹೇಳುತ್ತೇನೆ" ಎಂದೆ. ಆ ಮಾತನ್ನು ಆಕೆ ಮರೆಯಲಿಲ್ಲ; ದಿನವೂ ಬಂದು ಕೇಳಿದಳು.

ಉತ್ತರ ಹೀಗಿದೆ. ಮೀನು ತನ್ನ ದೇಹದ ಕಸವನ್ನು ಬಹುಪಾಲು ಕಿವಿರುಗಳ ಮೂಲಕ ಅಮೋನಿಯವಾಗಿ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತಾಗಲೂ ಅಮೋನಿಯವೇ ಹುಟ್ಟುತ್ತದೆ. ನದಿಯಲ್ಲಿ ಅದು ಹರಿದುಹೋಗುವುದು. ತೊಟ್ಟಿಯಲ್ಲಿ ಎಲ್ಲಿಗೆ ಹೋದೀತು? ಅದಕ್ಕೆ ಬಣ್ಣವಿಲ್ಲ, ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೇ ಅದು ಕಿವಿರುಗಳನ್ನು ಸುಡಬಲ್ಲದು. ಆದರೆ ಹಳೆಯ ತೊಟ್ಟಿಯ ಹರಳುಗಳ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸ್ಪಂಜಿನ ರಂಧ್ರಗಳಲ್ಲಿ, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು ಬೀಡುಬಿಟ್ಟಿರುತ್ತವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತದೆ. ನೈಟ್ರೈಟೂ ವಿಷವೇ, ಅದು ಮೀನಿನ ರಕ್ತದ ಹಿಮೋಗ್ಲೋಬಿನ್ನಿನೊಡನೆ ವರ್ತಿಸಿ, ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಆಗಿಸುತ್ತದೆ. ಇದು ಬಹಳ ಮಟ್ಟಿಗೆ ನಿರಪಾಯಕಾರಿ. ಗಿಡಗಳಿಗೆ ಗೊಬ್ಬರವೂ ಹೌದು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಿದರೆ ಉಳಿದುದು ತೊಲಗುತ್ತದೆ.

ನಾನು ಹಿಂಡಿ ಚೆಲ್ಲಿದ ಕಂದುನೀರಿನಲ್ಲಿ ಹೋದುದು ಕೊಳೆಯಷ್ಟೇ ಅಲ್ಲ, ಈ ಜೀವಿಗಳ ವಸಾಹತೇ ಹೋಯಿತು. ತೊಟ್ಟಿಯನ್ನು ಹೊಸದಾಗಿ ತಂದ ಮನೆಗಳಲ್ಲಿ ನಡೆಯುವುದೂ ಇದೇ. ಅಂಗಡಿಯಿಂದ ತೊಟ್ಟಿ, ಹರಳು, ಮೀನು ಎಲ್ಲವನ್ನೂ ಒಂದೇ ದಿನ ತರುತ್ತಾರೆ. ಬ್ಯಾಕ್ಟೀರಿಯಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟರೊಳಗೆ ಮೀನು ಸಾಯುತ್ತದೆ. ಮನೆಯವರು 'ನಮ್ಮ ಕೈಗುಣ ಸರಿಯಿಲ್ಲ' ಎಂದುಕೊಳ್ಳುತ್ತಾರೆ. ಕೈಗುಣಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇಸರದಿಂದ ಹವ್ಯಾಸ ಬಿಟ್ಟವರೆಂದು ನಾವು ತಿಳಿಯುವವರಲ್ಲಿ ಎಷ್ಟೋ ಜನ ನಿಜವಾಗಿ ದುಃಖದಿಂದ ಬಿಟ್ಟವರು.

ಇದನ್ನು ಓದುವಾಗ ನನಗೆ ಕಂಡ ಒಂದು ಸಂಗತಿ ಬಹಳ ಸಂತೋಷ ಕೊಟ್ಟಿತು. ಅಮೋನಿಯದ ಈ ಮಾರ್ಪಾಟು ಜೀವಿಗಳ ಕೆಲಸವೆಂಬುದು ವಾರಿಂಗ್ಟನ್ನನಿಗೆ ತಿಳಿದಿರಲಿಲ್ಲ; ಆತ ಸಸ್ಯ ಮತ್ತು ಬಸವನಹುಳುಗಳಿಗೇ ಎಲ್ಲ ಯಶಸ್ಸನ್ನೂ ಒಪ್ಪಿಸಿದ್ದನು. 1877ರಲ್ಲಿ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಫ್ರೆಂಚ್ ವಿಜ್ಞಾನಿಗಳು ಅದು ಜೀವಿಗಳಿಂದಲೇ ಆಗುವುದೆಂದು ತೋರಿಸಿದರು. ಆಮೇಲೆ ಇಂಗ್ಲಂಡಿನ ರಾಥಮ್‌ಸ್ಟೆಡ್ ಕೃಷಿಸಂಶೋಧನಾಲಯದಲ್ಲಿ ವರ್ಷಗಟ್ಟಲೆ ದುಡಿದು, ಈ ಕಾರ್ಯ ಎರಡು ಹಂತಗಳಲ್ಲಿ, ಬೇರೆ ಬೇರೆ ಜೀವಿಗಳಿಂದ ನಡೆಯುವುದೆಂದು ಕಂಡವನ ಹೆಸರೂ ರಾಬರ್ಟ್ ವಾರಿಂಗ್ಟನ್. ಆತ ಮೊದಲನೆಯವನ ಮಗ! ತಂದೆ ಗಾಜಿನ ಪಾತ್ರೆಯಲ್ಲಿ ಕಂಡ ಒಗಟಿನ ಉಳಿದರ್ಧವನ್ನು ಮಗ ಹೊಲದ ಮಣ್ಣಿನಲ್ಲಿ ಹುಡುಕಿದನು. 1890ರಲ್ಲಿ ರಷ್ಯದ ವಿನೋಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿ ತೋರಿಸಿದನು. ಕಥೆ ಅಲ್ಲಿಗೂ ಮುಗಿಯಲಿಲ್ಲ. ಎರಡೂ ಹಂತಗಳನ್ನು ತಾನೊಂದೇ ಮಾಡಬಲ್ಲ ಬ್ಯಾಕ್ಟೀರಿಯ ಇದೆಯೆಂದು 2015ರಲ್ಲಿ ಎರಡು ಸಂಶೋಧಕ ತಂಡಗಳು ಪ್ರಕಟಿಸಿದವು. ಅವುಗಳಲ್ಲೊಂದಾದ ನೆದರ್ಲೆಂಡ್ಸಿನ ತಂಡಕ್ಕೆ ಅದು ದೊರೆತುದು ಎಲ್ಲಿ ಗೊತ್ತೆ? ಮೀನು ಸಾಕುವ ತೊಟ್ಟಿಗಳ ಸೋಸುಯಂತ್ರದಲ್ಲಿ.

ನಾನು ಓದಿದುದನ್ನು ಮಕ್ಕಳಿಗೆ ಹೇಳಿದೆ. ಒಬ್ಬ ಹುಡುಗ, "ಹಾಗಾದರೆ ಇವತ್ತೇ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿ ಬೇರೆ ಮೀನು ತರೋಣ ಸರ್" ಎಂದನು. ನಾನೂ ಒಪ್ಪುವುದರಲ್ಲಿದ್ದೆ. ಪ್ರಶ್ನೆ ಕೇಳಿದ್ದ ಹುಡುಗಿ ಬೇಡವೆಂದಳು. ಬ್ಯಾಕ್ಟೀರಿಯ ಬಂದವೋ ಇಲ್ಲವೋ ನೋಡಿ ಆಮೇಲೆ ತರಬೇಕೆಂದಳು. ಹೀಗೆ ನಾವು ಮೀನಿಲ್ಲದ ತೊಟ್ಟಿಯನ್ನು ಸಾಕತೊಡಗಿದೆವು. ಸ್ಪಂಜು, ಗಾಳಿಯ ಪಂಪು, ಒಂದಿಷ್ಟು ನೀರುಹುಲ್ಲು. ಕೊಳೆಯಲೆಂದು ದಿನಕ್ಕೊಂದು ಚಿಟಿಕೆ ಆಹಾರ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾಸಾಧನವೊಂದನ್ನು ಕೊಂಡೆವು. ಅದರಲ್ಲಿ ಅಮೋನಿಯವಿದ್ದರೆ ಹಳದಿ ಹಸುರಾಗುತ್ತದೆ. ನೈಟ್ರೈಟ್ ಇದ್ದರೆ ತಿಳಿನೀಲಿ ನೇರಳೆಯಾಗುತ್ತದೆ. ನೂರು ಹಾಳೆಯ ಒಂದು ನೋಟುಪುಸ್ತಕದಲ್ಲಿ ದಿನವೂ ಬರೆದೆವು.

ಮೊದಲ ದಿನ ತೊಟ್ಟಿಯ ಸುತ್ತ ನಲವತ್ತು ಮಕ್ಕಳಿದ್ದರು. ಎರಡನೆಯ ವಾರ ಹಸುರು ಗಾಢವಾದಾಗ ಹತ್ತು ಹನ್ನೆರಡು ಜನ. ಮೂರನೆಯ ವಾರದಲ್ಲಿ ಹಸುರು ಮಾಸಿತು, ನೇರಳೆ ಏರಿತು. ಐದನೆಯ ವಾರದ ಕೊನೆಗೆ ಎರಡೂ ಇಲ್ಲವಾದುವು. ಆ ದಿನ ಅಲ್ಲಿದ್ದವರು ಐವರೇ. ಆದರೆ ಆ ಐವರು ಕುಣಿದಾಡಿದರು! ಬರಿಯ ನೀರು ತುಂಬಿದ ಗಾಜಿನ ಪೆಟ್ಟಿಗೆಯನ್ನು ನೋಡಿ ಮಕ್ಕಳು ಕುಣಿದುದನ್ನು ಕಂಡು ಜವಾನನಿಗೆ ಆಶ್ಚರ್ಯವಾಯಿತು. ಮೀನು ಸಾಕುವ ಹವ್ಯಾಸ ಯಾರಲ್ಲಿ ಬಾಳುತ್ತದೆಂಬ ನನ್ನ ಸಂಶಯ ಅಂದು ತೀರಿತು. ಆ ಐವರಲ್ಲಿ ಯಾರೂ ಇಂದಿಗೂ ಬಿಟ್ಟಿಲ್ಲ.

ಆ ಹುಡುಗಿ ಒಂದು ಗುಟ್ಟನ್ನು ಅಲ್ಲಿಯ ತನಕ ಅಡಗಿಸಿಟ್ಟಿದ್ದಳು. ವಾರ್ಷಿಕೋತ್ಸವಕ್ಕೆ ಹತ್ತು ದಿನ ಮೊದಲು, ದೊಡ್ಡ ಮೀನುಗಳು ತಿಂದಾವೆಂಬ ಭಯದಿಂದ ಆರು ಮರಿಗಳನ್ನು ಉಪ್ಪಿನಕಾಯಿಯ ಭರಣಿಯಲ್ಲಿ ಹಾಕಿಕೊಂಡು ಮನೆಗೆ ಒಯ್ದಿದ್ದಳಂತೆ. ದಿನವೂ ಅರ್ಧ ನೀರು ಬದಲಿಸಿ ಸಾಕಿದ್ದಳು. ನನಗೆ ಹೇಳಿದರೆ ಆ ತೊಟ್ಟಿಗೆ ಹಾಕಿಸಿಯೇನೆಂಬ ಅಳುಕು. ಅವಳ ಅಳುಕಿನಲ್ಲಿ ಅನ್ಯಾಯವೇನೂ ಇರಲಿಲ್ಲ. ನಾಲ್ಕು ಬದುಕಿದ್ದವು. ಹದಿನೇಳರ ವಂಶದಲ್ಲಿ ಉಳಿದ ಆ ನಾಲ್ಕು ಮೀನುಗಳು ಮರಳಿ ಶಾಲೆಗೆ ಬಂದವು.

ಗಪ್ಪಿಯನ್ನು ಕಡೆಗಣಿಸುವವರು ಬಹಳ. ಮಹಾನಗರಪಾಲಿಕೆಯವರು ಸೊಳ್ಳೆಯ ಮರಿಗಳನ್ನು ತಿನ್ನಲೆಂದು ತೊಟ್ಟಿಗಳಿಗೂ ಕೊಳಗಳಿಗೂ ಬಿಡುವ ಮೀನು ಅದು, ಬೆಲೆಯಿಲ್ಲದ್ದು. ಅದರ ಮೂಲಸ್ಥಾನ ದಕ್ಷಿಣ ಅಮೆರಿಕದ ಈಶಾನ್ಯ ತೀರ ಮತ್ತು ಟ್ರಿನಿಡಾಡ್. ಅಲ್ಲಿಂದ ಮಾದರಿಗಳನ್ನು ಕಳಿಸಿದ್ದ ಲೆಕ್‌ಮಿಯರ್ ಗಪ್ಪಿ ಎಂಬವನ ಹೆಸರನ್ನು 1866ರಲ್ಲಿ ಅದಕ್ಕೆ ಕೊಟ್ಟರು. ಮೊಟ್ಟೆಯಿಡದೆ ಮರಿಹಾಕುವ ಮೀನು ಅದು. ಸುಮಾರು ನಾಲ್ಕು ವಾರಗಳಿಗೊಮ್ಮೆ ಹಾಕುತ್ತದೆ. ನಮ್ಮ ನಾಲ್ಕರಲ್ಲಿ ಒಂದೇ ಗಂಡು. ಅದು ಜೂನಿನಲ್ಲಿ ತೊಟ್ಟಿಯಿಂದ ಹೊರಕ್ಕೆ ನೆಗೆದು ಸತ್ತಿತು. ಆದರೂ ಜುಲೈಯಲ್ಲಿ ಮರಿಗಳಾದವು, ಆಗಸ್ಟಿನಲ್ಲಿ ಮತ್ತೆ ಆದವು. ನೋಟುಪುಸ್ತಕದಲ್ಲಿ ಒಬ್ಬ ಹುಡುಗ 'ಇದು ಹೇಗೆ?' ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದನು. ಹೆಣ್ಣು ಗಪ್ಪಿಯು ಗಂಡಿನ ಬೀಜಾಣುಗಳನ್ನು ಒಡಲಿನಲ್ಲಿ ತಿಂಗಳುಗಟ್ಟಲೆ ಕಾಪಿಟ್ಟುಕೊಂಡು, ಒಂದೇ ಸಮಾಗಮದಿಂದ ಹಲವು ಸಲ ಮರಿಹಾಕಬಲ್ಲದು. ಉತ್ತರ ಪುಸ್ತಕದಲ್ಲಿತ್ತು, ನಿಜ. ಪ್ರಶ್ನೆ ಮಾತ್ರ ನಮ್ಮ ತೊಟ್ಟಿಯಲ್ಲಿಯೇ ಹುಟ್ಟಿತ್ತು.

ಹಾಗೆ ಹುಟ್ಟಿದ ಪ್ರಶ್ನೆ ಎಷ್ಟು ದೂರ ಒಯ್ಯುವುದೆಂದು ಹೇಳಲಾಗದು. ಡಚ್ಚರ ನಾಡಿನಲ್ಲಿ ನಿಕೊ ಟಿನ್‌ಬರ್ಗೆನ್ ಎಂಬ ಹುಡುಗನು ಮನೆಯ ಹಿತ್ತಿಲಿನಲ್ಲಿ ಎರಡು ಪುಟ್ಟ ತೊಟ್ಟಿಗಳನ್ನಿಟ್ಟು, ಪ್ರತಿ ವಸಂತದಲ್ಲಿಯೂ ಸ್ಟಿಕಲ್‌ಬ್ಯಾಕ್ ಎಂಬ ಮೀನು ಗೂಡು ಕಟ್ಟುವುದನ್ನು ನೋಡುತ್ತಿದ್ದನು. ದೊಡ್ಡವನಾಗಿ ಲೈಡನ್ ವಿಶ್ವವಿದ್ಯಾಲಯದಲ್ಲಿ ಅದೇ ಮೀನನ್ನು ಅಭ್ಯಸಿಸುತ್ತಿದ್ದಾಗ ಕಿಟಕಿಯಾಚೆ ಅಂಚೆಯ ಕೆಂಪು ಬಂಡಿ ಹಾದುಹೋದರೆ ತೊಟ್ಟಿಗಳಲ್ಲಿದ್ದ ಗಂಡುಮೀನುಗಳು ಅದರತ್ತ ರೇಗಿ ನುಗ್ಗುವುದನ್ನು ಕಂಡನು. ಗೂಡಿನ ಕಾಲದಲ್ಲಿ ಗಂಡಿನ ಹೊಟ್ಟೆ ಕೆಂಪಾಗುತ್ತದೆ. ಮೀನು ಬಂಡಿಯನ್ನು ಎದುರಾಳಿಯೆಂದು ಬಗೆದಿತ್ತು. ಪ್ರಾಣಿಗಳ ವರ್ತನೆಯನ್ನು ಕುರಿತ ಸಂಶೋಧನೆಗಾಗಿ 1973ರಲ್ಲಿ ಆತನೂ ಇನ್ನಿಬ್ಬರೂ ನೊಬೆಲ್ ಪಾರಿತೋಷಕವನ್ನು ಪಡೆದರು. ನಮ್ಮ ದೇಶದ ಹೊಳೆಗಳಲ್ಲಿಯೇ ಇರುವ ಪಟ್ಟೆಪಟ್ಟೆಯ ಜೀಬ್ರಾ ಮೀನಿನ ಕಥೆಯೂ ಹೀಗೆಯೇ. ಟಿಪ್ಪೂ ಸುಲ್ತಾನನ ಪತನಾನಂತರ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕನನ್, ಬಳಿಕ ಹ್ಯಾಮಿಲ್ಟನ್ ಎಂದು ಹೆಸರು ಬದಲಿಸಿಕೊಂಡು 1822ರಲ್ಲಿ ಅದನ್ನು ಮೊದಲ ಬಾರಿಗೆ ವರ್ಣಿಸಿದನು. ಇಂದು ಅದು ಜಗತ್ತಿನ ಪ್ರಯೋಗಾಲಯಗಳಲ್ಲಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿಯೂ ಇದೆ. ಅದರ ಭ್ರೂಣ ಪಾರದರ್ಶಕವಾದ್ದರಿಂದ ಅಂಗಾಂಗಗಳು ಮೂಡುವುದನ್ನು ಕಣ್ಣಾರೆ ನೋಡಬಹುದು.

ದಿನಕ್ಕೊಂದು ಹೊಸ ಜಾತಿಯ ಮೀನನ್ನು ಕೊಂಡು ಉತ್ಸಾಹವನ್ನು ಉಳಿಸಿಕೊಳ್ಳುವವರೂ ಉಂಟು. ಅದು ಕೊಳ್ಳುವ ಹವ್ಯಾಸವೇ ಹೊರತು ಸಾಕುವುದಲ್ಲವೆಂದು ನನ್ನ ಮತ. ತೊಟ್ಟಿಯಲ್ಲಿ ಜಾಗ ಮುಗಿದ ದಿನ ಅದೂ ಮುಗಿಯುತ್ತದೆ. ಅಂಗಡಿಯಲ್ಲಿ ಬೆರಳುದ್ದವಿದ್ದ ಮೀನು ಮೊಳದುದ್ದ ಬೆಳೆಯಬಹುದೆಂದು ಅವರು ವಿಚಾರಿಸಿರುವುದಿಲ್ಲ. ಬೆಳೆದ ಮೇಲೆ ಕೆರೆಗೆ ಬಿಟ್ಟುಬರುತ್ತಾರೆ. ದಯೆಯೆಂದು ಮಾಡಿದ ಆ ಕೆಲಸ ಕೆರೆಯ ಸ್ವಂತ ಮೀನುಗಳಿಗೆ ಮೃತ್ಯುವಾಗುತ್ತದೆ. ಗಾಜನ್ನು ಶುಚಿಗೊಳಿಸಲೆಂದು ಮಾರುವ ದಕ್ಷಿಣ ಅಮೆರಿಕದ 'ಸಕ್ಕರ್' ಮೀನು ಭಾರತದ ಎಷ್ಟೋ ಕೆರೆಹೊಳೆಗಳಲ್ಲಿ ಇಂದು ಪಿಡುಗಾಗಿದೆ. ಚಿನ್ನದ ಮೀನನ್ನು ಗುಂಡನೆಯ ಗಾಜಿನ ಬೋಗುಣಿಯಲ್ಲಿ ಮಾರುವುದೂ ಇಂಥದೇ ಅವಿವೇಕ. ಇಂಗ್ಲಂಡಿನ ಜಾತ್ರೆಯೊಂದರಲ್ಲಿ 1956ರಲ್ಲಿ ಬಹುಮಾನವಾಗಿ ಸಿಕ್ಕಿದ್ದ 'ಟಿಶ್' ಎಂಬ ಚಿನ್ನದ ಮೀನು 1999ರ ತನಕ, 43 ವರ್ಷ ಬದುಕಿತ್ತು. ನಮ್ಮ ಮನೆಗಳಲ್ಲಿ ಅದು ಮೂರು ವಾರ ಬದುಕಿದರೆ ಹೆಚ್ಚು.

ಹೊಸದಾಗಿ ತೊಡಗುವವರು ಕೇಳುವ ಒಂದು ಪ್ರಶ್ನೆ, ರಜೆಯಲ್ಲಿ ಮೀನುಗಳ ಗತಿಯೇನೆಂಬುದು. ಆರೋಗ್ಯವಾದ ದೊಡ್ಡ ಮೀನು ವಾರವೊಂದನ್ನು ಉಪವಾಸದಿಂದ ಸುಖವಾಗಿ ಕಳೆಯುತ್ತದೆ. ರಜೆಯಲ್ಲಿ ಮೀನುಗಳನ್ನು ಕೊಲ್ಲುವುದು ಹಸಿವಿಗಿಂತ ಹೆಚ್ಚಾಗಿ ನೆರೆಯವರ ಔದಾರ್ಯ. ಕಳೆದ ಬೇಸಗೆಯಲ್ಲಿ ನಾವೆಲ್ಲ ಊರಿಗೆ ಹೊರಟಾಗ ಆ ಹುಡುಗಿ, ಈಗ ಒಂಬತ್ತನೆಯ ತರಗತಿಯವಳು, ಆಹಾರವನ್ನು ಹನ್ನೆರಡು ಸಣ್ಣ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಶಾಲೆಯ ಕಾವಲುಗಾರರ ಕೈಗೆ ಚೀಟಿಯೊಡನೆ ಕೊಟ್ಟಳು. ಚೀಟಿ ಮರಾಠಿಯಲ್ಲಿತ್ತು. 'ಕಾಕಾ, ವಾರಕ್ಕೆ ಎರಡೇ ಪೊಟ್ಟಣ. ನೀರು ಈ ಗೆರೆಗಿಂತ ಕೆಳಗಿಳಿದರೆ ಬಕೆಟ್ಟಿನ ನೀರು ಹಾಕಿ. ಮೀನು ಬೇಡಿದರೂ ಹೆಚ್ಚು ಹಾಕಬೇಡಿ. ಅವು ಯಾವಾಗಲೂ ಬೇಡುತ್ತವೆ.'

ಜೂನಿನಲ್ಲಿ ಶಾಲೆ ತೆರೆದಾಗ ಮೂರು ಪೊಟ್ಟಣಗಳು ಉಳಿದಿದ್ದವು. ಚೀಟಿಯ ಹಿಂಬದಿಯಲ್ಲಿ ಕಾವಲುಗಾರರು ತಾರೀಖು ಹಾಕಿ ಪೆನ್ಸಿಲಿನಿಂದ ಬರೆದಿದ್ದರು: 'ಮರಿ ಎಂಟು. ದೊಡ್ಡದು ಅಟ್ಟಿಸುತ್ತದೆ. ಹಗಲೆಲ್ಲ ಹುಲ್ಲಿನಲ್ಲಿ ಅಡಗಿರುತ್ತವೆ, ದೀಪ ಆರಿಸಿದ ಮೇಲೆ ಹೊರಗೆ ಬರುತ್ತವೆ.'